ಮೇಲಿನ ದಾರಿಯ ಗೇಟು

ಕಾರು ನಿಲ್ಲಿಸಿ ಕೆಳಗಿಳಿದ ಎಲ್ಡನ್ ಕ್ವಿಂಬಿಯ ಬಲಗೈ ಅವನನ್ನು ಕೇಳದೆಯೇ ಪ್ಯಾಂಟಿನ ಜೇಬಿಗೆ ಹೋಯಿತು. ಜೇಬಿನಲ್ಲಿ ಕರವಸ್ತ್ರವಿತ್ತು, ಅಂಟಂಟಾದ ಕೆಮ್ಮಿನ ಮಿಠಾಯಿಯೊಂದಿತ್ತು, ಕೀಲಿಗೊಂಚಲು ಇರಲಿಲ್ಲ. ಎಡಜೇಬು, ಅಂಗಿಯ ಜೇಬು, ಕಾರಿನ ಸೀಟಿನ ಸಂದಿ ಎಲ್ಲ ತಡಕಿದ ಮೇಲೆ ನೆನಪಾಯಿತು: ಇದು ಹೆಂಡತಿ ಲವೊನ್‌ಳ ಕಾರು. ಅವನ ಪಿಕಪ್ ಗಾಡಿ ಬೆಳಗ್ಗೆಯಿಂದ ರಿಪೇರಿಗೆ ಹೋಗಿದೆ, ಗೊಂಚಲೂ ಅದರ ಜೊತೆಗೇ ಹೋಗಿದೆ. ಎದುರಿಗೆ ರಸ್ತೆಗೆ ಅಡ್ಡವಾಗಿ ಹಳದಿ ಬಣ್ಣದ ದಪ್ಪ ಕಬ್ಬಿಣದ ಕೊಳವೆ, ಅದನ್ನು ಕಂಬಕ್ಕೆ ಬಿಗಿದ ಸರಪಳಿ. ಸರಪಳಿ ಎನ್ನುವುದಕ್ಕಿಂತ ಬೀಗಗಳ ಮಾಲೆ ಎನ್ನಬೇಕು. ಕಾಡಿನ ಒಡೆತನದ ಮರದ ಕಂಪನಿಯದೊಂದು ಬೀಗ, ಅದರ ಕೊಂಡಿಗೆ ವಿದ್ಯುತ್ ಇಲಾಖೆಯವರ ಬೀಗ, ಅದಕ್ಕೆ ಜೇನುಪೆಟ್ಟಿಗೆ ಇಡುವವನದು, ಅದಕ್ಕೆ ಬೇಟೆಗಾರರ ಸಂಘದ್ದು, ಕೊನೆಗೆ ಕೆಂಪು ಬಣ್ಣ ಬಳಿದದ್ದು, ಅವನು ಕೆಲಸ ಮಾಡುವ ಅಗ್ನಿಶಾಮಕ ಠಾಣೆಯದು. ಯಾರು ತಮ್ಮ ಬೀಗ ತೆಗೆದರೂ ಇಡೀ ಮಾಲೆ ಬಿಚ್ಚಿಕೊಳ್ಳುತ್ತದೆ. ಒಬ್ಬರ ಕೀಲಿ ಇನ್ನೊಬ್ಬರಿಗೆ ಬೇಕಿಲ್ಲ, ಯಾರೂ ಯಾರನ್ನೂ ಕೇಳಬೇಕಿಲ್ಲ. ಮೊದಲ ಸಲ ನೋಡಿದಾಗ ಒಳ್ಳೆಯ ಪ್ರಮೇಯವೊಂದನ್ನು ಕಂಡ ಹಾಗೆ ಅವನಿಗೆ ಖುಷಿಯಾಗಿತ್ತು. ಇಷ್ಟು ವರ್ಷ ಈ ಗೇಟನ್ನು ದಾಟಿದ್ದಾನೆ. ಅದು ಮುಚ್ಚಿರುವುದನ್ನು ನೋಡುತ್ತಿರುವುದು ಇದೇ ಮೊದಲು ಅನ್ನಿಸಿತು. ಹಾಗನ್ನುವುದು ತಪ್ಪು, ಗೇಟು ಯಾವತ್ತೂ ಮುಚ್ಚಿಯೇ ಇರುತ್ತಿತ್ತು. ಅವನು ಕಾಣುತ್ತಿದ್ದದ್ದು ಮಾತ್ರ ಯಾವತ್ತೂ ತೆರೆದುಕೊಳ್ಳುವ ಗೇಟನ್ನು.

ಬೀಗಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಬಿಸಿಲಿಗೆ ಕಾದಿದ್ದವು. ಈ ದಾರಿಯಲ್ಲಿ ಕೆಲಸವಿರುವ ಎಲ್ಲರದೂ ಇತ್ತು. ಈ ದಾರಿಯ ತುದಿಯಲ್ಲಿ ಬದುಕುವವರದು ಮಾತ್ರ ಇರಲಿಲ್ಲ. ಅವನ ಬೆನ್ನ ಹಿಂದೆ, ಎರಡು ತಿರುವುಗಳ ಕೆಳಗೆ ಕ್ರೇನ್ ದಿಣ್ಣೆ. ಅಲ್ಲಿ ನಲವತ್ತು ಮನೆಗಳು, ಕುದುರೆ ಲಾಯಗಳು, ಮುದುಕರು, ಹೊಸದಾಗಿ ಬಂದು ಮರದ ಮನೆ ಕಟ್ಟಿಕೊಂಡವರು. ಪ್ರತಿ ಮನೆಯ ಫ್ರಿಜ್ಜಿನ ಬಾಗಿಲಿಗೂ, ಬೆಂಕಿ ಬಿದ್ದರೆ ಯಾವ ದಾರಿ ಹಿಡಿಯಬೇಕೆಂದು ಅವನು ಬರೆದ ನಕ್ಷೆ ಅಂಟಿಕೊಂಡಿದೆ. ಕೆಳಗಿನ ದಾರಿ ಕಂದಕದೊಳಗೆ ಇಳಿದು ಸೇತುವೆ ದಾಟಿ ಊರಿಗೆ ಹೋಗುತ್ತದೆ. ಅದಕ್ಕೆ ನೀಲಿ ಬಾಣ. ಅದು ಕಟ್ಟಿಹೋದರೆ ಮೇಲಿನ ದಾರಿ, ಕಂಪನಿಯ ಕಾಡಿನೊಳಗಿಂದ ಕಣಿವೆಯ ಆಚೆಯ ಹೆದ್ದಾರಿಗೆ. ಅದಕ್ಕೆ ಹಸಿರು ಬಾಣ. ಆ ಹಸಿರು ಬಾಣ ಎಳೆದದ್ದು ಅವನ ಕೈ. ಗೇಟು ಇರುವ ಕಡೆ ಒಂದು ಗೆರೆ ಕೂಡ ಹಾಕಿರಲಿಲ್ಲ. ಮರೆತಿದ್ದನೇ ಎಂದು ಕೇಳಿಕೊಂಡ. ಮರೆಯಲು ಮೊದಲು ಅದು ಮನಸ್ಸಿನಲ್ಲಿ ಇದ್ದಿರಬೇಕಲ್ಲ. ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರ ಹೇಳಿಕೊಡುತ್ತಿದ್ದ ಕುಳ್ಳ ಮೇಷ್ಟ್ರು ಒಬ್ಬರು ಹುಡುಗರನ್ನು ಬೆಟ್ಟ ಹತ್ತಿಸಿ, ಬರೆದ ನಕ್ಷೆಗಳನ್ನೆಲ್ಲ ಬಂಡೆಯ ಮೇಲೆ ಹರವಿ, ಇವನದನ್ನು ಎತ್ತಿಕೊಂಡು, "ಕ್ವಿಂಬಿ, ನಿನಗೆ ಬಾಯಾರಿಕೆ ಆಗಿರಲಿಲ್ಲ ಅಲ್ವೇನಯ್ಯಾ?" ಎಂದಿದ್ದರು. ಅವನು ನೀರಿನ ಒರತೆಯೊಂದನ್ನು ಬಿಟ್ಟಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ. ಸೊಂಟದಲ್ಲಿ ನೀರಿನ ಬಾಟಲಿ ತೂಗುತ್ತಿತ್ತು.

ಹಿಂದಿರುಗಿ ಹೋಗಬೇಕೆಂದು ಕಾರು ತಿರುಗಿಸಲು ನೋಡಿದರೆ ಜಾಗವೇ ಇಲ್ಲ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಚರಂಡಿ, ಅದರಾಚೆ ಇಳಿಜಾರು. ತೆರೆಯುವ ಗೇಟಿನ ಮುಂದೆ ತಿರುಗಿಸುವ ಜಾಗ ಯಾರಿಗೆ ಬೇಕು? ಲವೊನ್‌ಳ ಪುಟ್ಟ ಕಾರನ್ನು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದ. ಹಿಂಚಕ್ರ ಚರಂಡಿಗೆ ಜಾರಿತು, ಜಲ್ಲಿ ಸಿಡಿಯಿತು, ಬೆವರು ಕಣ್ಣಿಗಿಳಿಯಿತು. ಇದೇ ಜಾಗದಲ್ಲಿ ಕುದುರೆಯ ಟ್ರೇಲರ್ ಕಟ್ಟಿಕೊಂಡ ಗಾಡಿ ನಿಂತಿರುವುದನ್ನು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕೆಳಗಿನ ತಿರುವಿನವರೆಗೂ ದೀಪ ಹಚ್ಚಿಕೊಂಡು ಹಾರ್ನ್ ಹೊಡೆಯುವುದನ್ನು ಅವನ ತಲೆ ಬೇಡವೆಂದರೂ ಬಿಡಿಸತೊಡಗಿತು. ಮೊದಲ ಗಾಡಿಯವನು ಇಳಿದು ಬಂದು ಬೀಗಗಳನ್ನು ಎಣಿಸುತ್ತಾನೆ. ಕೊನೆಯ ಗಾಡಿಯವನಿಗೆ ಮುಂದೇನಾಗಿದೆ ಗೊತ್ತಿಲ್ಲ. ಕೊನೆಗೂ ಕಾರು ತಿರುಗಿ ನಿಂತಿತು. ಕಿಟಕಿ ಇಳಿಸಿದ. ಫರ್ ಮರಗಳ ತುದಿ ಒಂದೇ ದಿಕ್ಕಿಗೆ ಬಾಗುತ್ತಿದ್ದವು. ಬೇಸಿಗೆಯೆಲ್ಲ ಸಮುದ್ರದ ಕಡೆಯಿಂದ ತಣ್ಣಗೆ ಬರುವ ಗಾಳಿ ಬೆಳಗಿನಿಂದ ನಿಂತುಹೋಗಿತ್ತು. ಇದು ಮೂಡಲ ಗಾಳಿ, ಬೆಟ್ಟದಾಚೆಯ ಮರುಭೂಮಿಯದು. ಆರೆಗನ್ನಿನ ಈ ಕಣಿವೆಗಳಲ್ಲಿ ಸೆಪ್ಟೆಂಬರಿನ ಮೂಡಗಾಳಿ ಎಂದರೆ ಕಾಳ್ಗಿಚ್ಚಿನ ಗಾಳಿ, ಬೂದಿಗೆ ಹೆದರಿ ಹೆಂಗಸರು ಒಗೆದ ಬಟ್ಟೆಯನ್ನೂ ಹೊರಗೆ ಹಾಕುವುದಿಲ್ಲ. ತುಟಿ ನೆಕ್ಕಿಕೊಂಡ. ನೆಕ್ಕಿದ ಕೂಡಲೇ ಒಣಗಿತು.

ಊರಿಗೆ ಇಳಿದು ಬಂದರೆ ಪಿಕಪ್ ರಿಪೇರಿ ಮುಗಿದಿತ್ತು. ಗೊಂಚಲನ್ನು ಕೈಗೆ ತೆಗೆದುಕೊಂಡಾಗ ಅದರ ಭಾರ ಬೇರೆಯವರದ್ದು ಅನ್ನಿಸಿತು. ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಪಿಕಪ್ ತೆಗೆದುಕೊಂಡು ಠಾಣೆಗೆ ಬರುವಷ್ಟರಲ್ಲಿ ಸಭೆಗೆ ಕುರ್ಚಿ ಹಾಕುತ್ತಿದ್ದರು. ಬೆಂಕಿ ನಂದಿಸುವ ಲಾರಿಗಳನ್ನು ಹೊರಗೆ ನಿಲ್ಲಿಸಿ, ಅವು ನಿಲ್ಲುವ ಜಾಗದಲ್ಲಿ ಉದ್ದನೆಯ ಮೇಜುಗಳು, ಕಾಫಿಯ ದೊಡ್ಡ ಹಂಡೆ, ಬ್ಲ್ಯಾಕ್‌ಬೆರಿ ಹಣ್ಣಿನ ಪೈ, ಯಾರೋ ತಂದ ಆಲೂಗಡ್ಡೆ ಪಲ್ಯದ ತಟ್ಟೆ. ಸಂಜೆ ಆರಕ್ಕೆ ಠಾಣೆಯ ಮಂಡಳಿಯವರು ವಿಪತ್ತು ಯೋಜನೆಗೆ ಒಪ್ಪಿಗೆ ಕೊಡಬೇಕು. ಎರಡು ವರ್ಷ ಅವನು ಮೈಮುರಿದು ಬರೆದ ಯೋಜನೆ: ಭೂಕಂಪ, ಪ್ರವಾಹ, ಭೂಕುಸಿತ, ಹಿಮ, ಜ್ವಾಲಾಮುಖಿ, ಕಾಳ್ಗಿಚ್ಚು, ಒಂದೊಂದಕ್ಕೂ ಎಷ್ಟು ಭಯಪಡಬೇಕೆಂದು ಅಂಕ. ಠಾಣೆಯ ಮುಖ್ಯಸ್ಥೆ ರೋಂಡಾ ಪೆಟ್ಟಿಬೋನ್ ಅವನನ್ನು ನೋಡಿ ಕೈ ಬೀಸಿದಳು. ದೊಡ್ಡ ದನಿಯ, ಅಗಲ ಭುಜದ ಹೆಂಗಸು. ಅವನಿಗಿಂತ ಹತ್ತು ವರ್ಷ ಚಿಕ್ಕವಳು, ಅವನು ಹಗ್ಗ ಕಟ್ಟಲು ಕಲಿಸಿದ ಹುಡುಗಿ.

"ಬಂದ್ಯಾ ಮಹಾರಾಯ! ಬಾ, ಪೈ ಮುಗಿಯೋಕೆ ಮುಂಚೆ ಒಂದು ತುಂಡು ತಗೋ. ಏನದು ಪ್ಯಾಂಟೆಲ್ಲ ಮಣ್ಣು?"

"ರೋಂಡಾ, ಒಂದು ಮಾತಿತ್ತು. ಮೇಲಿನ ದಾರಿ ವಿಷ್ಯ."

"ಗಾಳಿ ಎಚ್ಚರಿಕೆ ತಾನೆ? ನೋಡ್ದೆ. ಹುಡುಗರಿಗೆ ಬೂಟು ಬಿಚ್ಬೇಡಿ ಅಂದಿದ್ದೀನಿ."

"ಅದಲ್ಲ. ಆ ಗೇಟು. ಅದಕ್ಕೆ ಬೀಗ ಇದೆ."

ಅವಳು ಅವನ ಮುಖವನ್ನೇ ನೋಡಿದಳು. "ಇದೆ. ಇದ್ರೇನು? ಕೀಲಿ ಇದ್ಯಲ್ಲ."

"ನಮ್ಮ ಹತ್ರ ಇದೆ. ದಿಣ್ಣೆಯವರ ಹತ್ರ ಇಲ್ಲ."

ಅವಳ ಮುಖದಲ್ಲಿ ಏನೋ ಒಂದು ಮೆಲ್ಲಗೆ ಜಾಗ ಬದಲಿಸಿತು. ಗೇಟಿನ ಹತ್ತಿರ ತನ್ನ ಮುಖವೂ ಹೀಗೇ ಆಗಿರಬೇಕು ಅಂದುಕೊಂಡ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಾವು ಹೋಗಿ ತೆಗೀತೀವಿ ಕಣೋ. ಯಾರನ್ನಾದ್ರೂ ಕಳಿಸಿದ್ರಾಯ್ತು."

"ಬೆಂಕಿ ಬಿದ್ದಾಗ ನಾವೆಲ್ಲ ಬೆಂಕಿ ಹತ್ರ ಇರ್ತೀವಿ. ಗೇಟು ಇರೋದು ಆ ಕಡೆ."

"ಸರಿ, ಸೋಮವಾರ ಕಂಪನಿಯವರನ್ನ ಕೂರಿಸ್ಕೊಂಡು ಮಾತಾಡೋಣ. ಬೆಂಕಿಯ ಕಾಲದಲ್ಲಿ ಗೇಟು ಹಾಕಿರ್ಬೇಕು ಅನ್ನೋದು ಅವರ ನಿಯಮ ಅಲ್ಲ, ಸರ್ಕಾರದ್ದು. ಹೊರಗಿನೋರು ಒಳಗೆ ಹೋಗಿ ಬೆಂಕಿ ಹಚ್ಚಬಾರದು ಅಂತ. ಇವತ್ತು ಯೋಜನೆ ಪಾಸಾಗ್ಲಿ. ಇದನ್ನ ಈಗ ಕೆದಕಿದ್ರೆ ಎಲ್ಲಾ ಮತ್ತೆ ಮೊದಲಿಂದ. ತಿಳೀತಾ?"

ತಿಳಿಯಿತು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಫಿ ತೆಗೆದುಕೊಂಡು ಮೂರನೆಯ ಸಾಲಿನಲ್ಲಿ ಕೂತ. ಕಪ್ಪಿನೊಳಗೆ ಕಾಫಿ ಸಣ್ಣಗೆ ನಡುಗುತ್ತಿತ್ತು; ಗಾಳಿಗೆ ಠಾಣೆಯ ತಗಡಿನ ಬಾಗಿಲು ಅದುರುತ್ತಿದೆ, ಅದರಿಂದ ಮೇಜು, ಮೇಜಿನಿಂದ ಕಪ್ಪು ಎಂದು ಕಾರಣವನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದುಕೊಂಡು ಹೋದ. ಹಾಗೆ ಹೋದಷ್ಟು ಹೊತ್ತು ನೆಮ್ಮದಿ. ಅವನು ಠಾಣೆಗೆ ಸೇರಿದ ಹೊಸದರಲ್ಲಿ, ಆಗಿನ ಮುಖ್ಯಸ್ಥ ಮುದುಕ ಬಾರ್ಟ್ ಇದೇ ಜಾಗದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊರಳಿಗೆ ಗಂಟೆ ಕಟ್ಟಿದ ಹಸುವೊಂದನ್ನು ಅವನ ಮುಂದೆ ತಂದು ನಿಲ್ಲಿಸಿದ್ದ. ಹಿಂದಿನ ದಿನ ಎಲ್ಡನ್ ಕಾಡಿನ ಗೇಟೊಂದನ್ನು ತೆರೆದು ಬಿಟ್ಟು ಬಂದಿದ್ದ, ಯಾರದೋ ದನಗಳೆಲ್ಲ ಹೆದ್ದಾರಿಗೆ ಇಳಿದಿದ್ದವು. "ಈ ಅಮ್ಮನ ಹತ್ರ ಕ್ಷಮೆ ಕೇಳು," ಎಂದಿದ್ದ ಬಾರ್ಟ್. ಕೇಳಿದ. ಹಸು ಅವನ ತೋಳನ್ನು ನೆಕ್ಕಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಾರ್ಟ್ ಹೆಗಲ ಮೇಲೆ ಕೈ ಹಾಕಿ, ಕಂಡ ಹಾಗೆ ಬಿಟ್ಟು ಹೋಗಬೇಕು, ತೆರೆದಿದ್ದರೆ ತೆರೆದ ಹಾಗೆ, ಮುಚ್ಚಿದ್ದರೆ ಮುಚ್ಚಿದ ಹಾಗೆ ಎಂದಿದ್ದ. ಅವತ್ತಿನಿಂದ ಗೇಟು ಮುಚ್ಚುವ ಕೆಲಸವನ್ನು ಅವನ ತಲೆ ಅವನ ಕೈಗೆ ವಹಿಸಿಬಿಟ್ಟಿತು.

ಸಭೆ ಶುರುವಾಗಿದ್ದೇ ಅವನಿಗೆ ಗೊತ್ತಾಗಲಿಲ್ಲ. ರೋಂಡಾ ಎದ್ದು ನಿಂತು ಅವನನ್ನು ಹೊಗಳುತ್ತಿದ್ದಳು. "ನಮ್ಮ ಎಲ್ಡನ್ ಹತ್ರ ಗಂಟೆ ಎಷ್ಟು ಅಂತ ಕೇಳಿ ನೋಡಿ. ಗಡಿಯಾರ ಎಷ್ಟು ತಪ್ಪು ತೋರಿಸ್ತಿರಬಹುದು ಅನ್ನೋದನ್ನ ಹೇಳ್ತಾನೆ. ಗಂಟೆ ಮಾತ್ರ ಹೇಳಲ್ಲ."

ನಗು. ಲಾರಿ ಓಡಿಸುವ ಲೈಲ್ ಓಡೆಗಾರ್ಡ್ ಹಿಂದಿನಿಂದ ಕೂಗಿದ: "ಜ್ವಾಲಾಮುಖಿಗೆ ಬರೀ ಎರಡು ಅಂಕ ಕೊಟ್ಟಿದ್ದೀಯಲ್ಲಯ್ಯಾ, ಅದಕ್ಕೆ ಬೇಜಾರಾಗಲ್ವಾ?"

"ಫೇಲಾಗಿದೆ ಪಾಪ, ಮುಂದಿನ ವರ್ಷ ಮತ್ತೆ ಕಟ್ಟತ್ತೆ," ಎಂದ ಇನ್ನೊಬ್ಬ.

ಎಲ್ಡನ್ ಕೂಡ ನಕ್ಕ. ನಗುತ್ತಿರುವಾಗಲೇ ಎದ್ದು ನಿಂತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ಎದ್ದವನು ಕೂರಬಹುದಿತ್ತು, ಧನ್ಯವಾದ ಹೇಳಲು ಎದ್ದೆ ಎಂದುಕೊಳ್ಳುತ್ತಿದ್ದರು. "ನಕ್ಷೆಯಲ್ಲಿ ಒಂದು ತಪ್ಪಿದೆ," ಎಂದ. ದನಿ ಕೀಚಲಾಗಿ ಬಂತು. ಮೇಲಿನ ದಾರಿಗೆ ಗೇಟಿದೆ, ಬೀಗವಿದೆ, ನಮ್ಮೆಲ್ಲರ ಜೇಬಿನಲ್ಲಿ ಕೀಲಿ ಇರುವುದರಿಂದ ನಮಗದು ಗೇಟು ಅನ್ನಿಸಲಿಲ್ಲ, ಯೋಜನೆಯನ್ನು ಓದಿದ ಹನ್ನೊಂದು ಜನರಿಗೂ ಅನ್ನಿಸಲಿಲ್ಲ, ಬರೆದವನು ನಾನು, ಎಂದ. ಆಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. ಗಾಡಿ ತಿರುಗಿಸಲು ಜಾಗವಿಲ್ಲದ್ದು, ಇಳಿಜಾರಿನ ಕೋನ, ಕೆಳಗಿನ ದಾರಿ ಕಂದಕದೊಳಗೆ ಹೊಗೆಗೂಡಿನ ಹಾಗೆ ಗಾಳಿಯನ್ನು ಎಳೆಯುವುದು, ಗೇಟು ಯಾರಾದರೂ ತೆರೆದಿಟ್ಟರೆ ಮೇಲಿನದೇ ವಾಸಿ, ಮುಚ್ಚಿದ್ದರೆ ಅದಕ್ಕಿಂತ ಕೆಟ್ಟದ್ದಿಲ್ಲ, ಬೆಂಕಿ ಎಲ್ಲಿ ಹುಟ್ಟುತ್ತದೆ ಎನ್ನುವುದರ ಮೇಲೆ ಎಲ್ಲ ಇದೆ, ಹಾಗೆ ನೋಡಿದರೆ... ಮಂಡಳಿಯವರು ಮೇಜಿನ ಮೇಲಿನ ಕಾಗದಗಳನ್ನು ನೋಡುತ್ತಿದ್ದರು. ಹೊಗಳಿದ ಮೇಲೆ ಹೀಗೆ ನಿಂತ ಮನುಷ್ಯನನ್ನು ಹೇಗೆ ನೋಡಬೇಕೋ ಅವರಿಗೆ ತಿಳಿಯಲಿಲ್ಲ. ರೋಂಡಾ ಮಾತ್ರ ಅವನನ್ನೇ ನೋಡುತ್ತಿದ್ದಳು.

ಆಗ ಎದ್ದವರು ಓಪಲ್ ಹ್ಯಾಗ್ಲಂಡ್. ದಿಣ್ಣೆಯ ಮೊದಲನೆಯ ಮನೆಯವರು, ಎಂಬತ್ತು ದಾಟಿದ ವಿಧವೆ. ಏನಾದರೂ ಸುದ್ದಿ ಇದ್ದರೆ ದಿಣ್ಣೆಯ ಮನೆಮನೆಗೂ ಫೋನು ಮಾಡಿ ತಿಳಿಸುವ ಕೆಲಸ ಅವರದು. ಅಲ್ಲಿ ಮೊಬೈಲು ಸಿಕ್ಕುವುದಿಲ್ಲ, ಗೋಡೆಯ ಫೋನೇ ಗತಿ.

"ಎಲ್ಡನ್, ನೀನು ಓದಿದೋನು. ನೀನು ಹೇಳಿದ್ದೆಲ್ಲ ನಿಜಾನೇ ಇರತ್ತೆ," ಎಂದರು. "ಆದ್ರೆ ನಾನು ಮನೆಗೆ ಹೋಗಿ ನಲವತ್ತು ಮನೆಗೆ ಫೋನ್ ಮಾಡಿ 'ಹಾಗೆ ನೋಡಿದರೆ' ಅಂತ ಹೇಳಕ್ಕಾಗಲ್ಲಪ್ಪ. ಒಂದೇ ಮಾತಲ್ಲಿ ಹೇಳು. ಇವತ್ತು ರಾತ್ರಿ ಏನಾದ್ರೂ ಆದ್ರೆ ನಾವು ಮೇಲಕ್ಕೋ, ಕೆಳಕ್ಕೋ?"

"ಓಪಲ್, ಅದು..."

"ಮೇಲಕ್ಕೋ, ಕೆಳಕ್ಕೋ?"

ತಗಡಿನ ಬಾಗಿಲು ಒಮ್ಮೆ ಧಡ್ ಎಂದಿತು. ಎಲ್ಲರೂ ಅವನನ್ನು ನೋಡುತ್ತಿದ್ದರು. ನಾನೇ ಈಗ ಹೋಗಿ ಗೇಟು ತೆರೆದಿಟ್ಟುಬಿಡುತ್ತೇನೆ ಎಂಬ ಮಾತು ನಾಲಗೆಯವರೆಗೆ ಬಂತು. ಹಾಗೆ ಹೇಳುವ ಹಕ್ಕು ಅವನಿಗಿರಲಿಲ್ಲ. ನಿಯಮ ಮುರಿಯುವುದನ್ನು ಮಂಡಳಿಯ ಮುಂದೆ ಹೇಗೆ ಹೇಳುವುದು? ಹಳದಿ ಕೊಳವೆಯ ಮುಂದೆ ಸಾಲುಗಟ್ಟಿದ ದೀಪಗಳು ಮತ್ತೆ ಕಂಡವು.

"ಕೆಳಕ್ಕೆ," ಎಂದ.

"ಹಾಗೆ ಹೇಳು ಮತ್ತೆ," ಎಂದು ಓಪಲ್ ಕೋಟು ಹಾಕಿಕೊಂಡರು. "ಪೈ ಚೆನ್ನಾಗಿತ್ತು ರೋಂಡಾ. ಸಕ್ಕರೆ ಒಂದು ಚೂರು ಜಾಸ್ತಿ." ಅವರ ಮಗಳ ಗಾಡಿ ಹೊರಟ ಸದ್ದು ಕೇಳಿಸಿತು. ಯೋಜನೆ ಪಾಸಾಯಿತು, ಗೇಟಿನ ವಿಷಯ ಸೋಮವಾರ ಚರ್ಚಿಸುವುದೆಂದು ಒಂದು ಸಾಲು ಸೇರಿಸಿದರು. ಲೈಲ್ ಬೆನ್ನು ತಟ್ಟಿ, "ಪರವಾಗಿಲ್ವೇ, ಗಂಟೆ ಎಷ್ಟು ಅಂತ ಹೇಳೋಕೆ ಬರತ್ತೆ ನಿಂಗೆ!" ಎಂದ. ಎಲ್ಡನ್‌ಗೆ ಬಹಳ ದಿನಗಳ ಮೇಲೆ ಹಗುರ ಎನ್ನಿಸಿತು. ತಟ್ಟೆ ತುಂಬ ಪೈ ಹಾಕಿಸಿಕೊಂಡು ತಿಂದ. ಆ ಹಗುರದ ಬಗ್ಗೆಯೇ ಸಂಶಯ ಪಡಬೇಕಿತ್ತು.

ಅವನ ಮನೆ ಕಣಿವೆಯ ಆಚೆ, ಹೆದ್ದಾರಿಯ ಮಗ್ಗುಲಲ್ಲಿ. ಊರಿನಿಂದ ಬೆಟ್ಟವನ್ನು ಬಳಸಿಕೊಂಡು ಹೋಗಬೇಕು. ಹೊತ್ತು ಮುಳುಗುತ್ತಿತ್ತು. ರಸ್ತೆಯ ಮೇಲೆ ಮುರಿದ ರೆಂಬೆಗಳು ಬಿದ್ದಿದ್ದವು, ಗಾಡಿಯನ್ನು ಗಾಳಿ ಪಕ್ಕದಿಂದ ಒತ್ತುತ್ತಿತ್ತು, ಆಕಾಶ ಬೇಯಿಸಿದ ಕುಂಬಳಕಾಯಿಯ ಬಣ್ಣಕ್ಕೆ ತಿರುಗಿತ್ತು. ಊಟಕ್ಕೆ ಬೇಡ ಎಂದರೆ ಲವೊನ್ ಏನನ್ನುತ್ತಾಳೆ, ಕಾರಿನ ಹಿಂಚಕ್ರದ ಗೀರನ್ನು ಯಾವಾಗ ಹೇಳುವುದು ಎಂದು ಯೋಚಿಸುತ್ತಿದ್ದ. ಕಂಪನಿಯ ಕಾಡುದಾರಿ ಹೆದ್ದಾರಿಗೆ ಸೇರುವ ಕಡೆ ಸೊಂಟದ ಪೇಜರ್ ಕಿರುಚಿತು. ಸೇತುವೆಯ ಹತ್ತಿರ ವಿದ್ಯುತ್ ಕಂಬ ಉರುಳಿದೆ, ಹುಲ್ಲು ಹೊತ್ತಿಕೊಂಡಿದೆ, ಬೆಂಕಿ ಕಂದಕದೊಳಗೆ ನುಗ್ಗುತ್ತಿದೆ, ಕ್ರೇನ್ ದಿಣ್ಣೆ ಖಾಲಿ ಮಾಡಿಸಬೇಕು, ಎಲ್ಲರೂ ಸೇತುವೆಗೆ ಬನ್ನಿ. ಕೊನೆಗೆ ಅವನ ಹೆಸರಿನ ಜೊತೆ ಅವನು ಏರಬೇಕಾದ ಲಾರಿಯ ನಂಬರು. ಗಾಡಿ ಅದಾಗಲೇ ನಿಂತಿತ್ತು. ವೈರ್‌ಲೆಸ್ ಎತ್ತಿಕೊಂಡ.

"ರೋಂಡಾ, ಎಲ್ಡನ್ ಮಾತಾಡ್ತಿರೋದು. ನಾನು ಮೇಲಿನ ಗೇಟು ತೆರೀತೀನಿ. ದಿಣ್ಣೆಯವರಿಗೆ ಮೇಲಕ್ಕೆ ಬರೋಕೆ ಹೇಳು. ಕೆಳಕ್ಕಲ್ಲ, ಮೇಲಕ್ಕೆ."

ಗರಗರ ಸದ್ದು. ಯಾರದೋ ಉಸಿರು. ಲೈಲ್‌ನ ದನಿ ನೀರು ನೀರು ಎಂದು ಕೂಗುತ್ತಿತ್ತು. "ಯಾರ್ರೀ ಅದು ನಡುವೆ? ದಾರಿ ಬಿಡ್ರಪ್ಪಾ, ಮಾತಾಡೋಕೆ ದಾರಿ ಬಿಡಿ!" ಎಂದಳು ರೋಂಡಾ. ಮತ್ತೆ ಹೇಳಿದ. ಮತ್ತೆ ಗರಗರ. ಸೇತುವೆಯ ಕಂಬದ ಮೇಲೇ ದಿಣ್ಣೆಯ ಫೋನಿನ ತಂತಿಯೂ ಹೋಗುತ್ತದೆ ಎಂಬುದು ನೆನಪಾಯಿತು. ಅದನ್ನೂ ಯೋಜನೆಯಲ್ಲಿ ಬರೆದಿದ್ದ, ಸರಿಯಾಗಿಯೇ.

ಗಾಡಿಯನ್ನು ಕಾಡುದಾರಿಗೆ ತಿರುಗಿಸಿದ. ಜಲ್ಲಿಯ ಏರು, ತಿರುವು, ಏರು. ಹೊಗೆಯ ವಾಸನೆ ಗೇಟಿನ ಹತ್ತಿರ ಬಂದಾಗ ಶುರುವಾಯಿತು. ಇಳಿದ. ಕೈ ಜೇಬಿಗೆ ಹೋಯಿತು, ಕೀಲಿ ಸಿಕ್ಕಿತು, ಕೆಂಪು ಬೀಗ ಕಳಚಿತು, ಬೀಗಗಳ ಮಾಲೆ ಝಣ್ ಎಂದು ಜಾರಿತು. ಕೊಳವೆಯನ್ನು ತಳ್ಳಿ ನಿಂತು ಕೆಳಗೆ ನೋಡಿದ. ದಿಣ್ಣೆಯ ಕಡೆಯಿಂದ ದೀಪಗಳು ಬರಬೇಕು. ಬರಲಿಲ್ಲ. ಬಂದದ್ದು ಎರಡು ಜಿಂಕೆ. ಓಡದೆ, ಬೇಗಬೇಗ ನಡೆಯುತ್ತಾ, ಅವನನ್ನು ನೋಡಿಯೂ ನೋಡದ ಹಾಗೆ ತೆರೆದ ಗೇಟಿನಲ್ಲಿ ದಾಟಿ ಹೋದವು. ಆಮೇಲೊಂದು ನರಿ. ಆಮೇಲೆ ಯಾರೂ ಇಲ್ಲ. ಗಾಳಿಯಲ್ಲಿ ಸಣ್ಣ ಸಣ್ಣ ಬೂದಿಚೂರುಗಳು ಬಂದು ತೋಳಿನ ಕೂದಲಿಗೆ ಸಿಕ್ಕಿಕೊಳ್ಳತೊಡಗಿದವು. ತಾನೇ ಹೋಗಿ ಕರೆತರಬೇಕೆಂದು ಹೊಳೆದ ಕೂಡಲೇ ಗಾಡಿ ಹತ್ತಿ ಗೇಟು ದಾಟಿದ. ಮುಂದಿನ ತಿರುವಿನಲ್ಲಿ ಕನ್ನಡಿಯೊಳಗೆ ಕಣ್ಣು ಬಿತ್ತು. ಹಿಂದಿನ ಕೆಂಪು ದೀಪದ ಬೆಳಕಿನ ತುದಿಯಲ್ಲಿ ಹಳದಿ ಕೊಳವೆ ರಸ್ತೆಗೆ ಅಡ್ಡವಾಗಿ, ನೇರವಾಗಿ, ಅಚ್ಚುಕಟ್ಟಾಗಿ ನಿಂತಿತ್ತು.

ಗೇಟು ದಾಟಿದ ಮೇಲೆ ಗಾಡಿ ನಿಲ್ಲಿಸಿದ್ದು, ಇಳಿದದ್ದು, ಹಿಂದೆ ನಡೆದದ್ದು, ಮಾಲೆ ಸುತ್ತಿ ಬೀಗ ಒತ್ತಿದ್ದು, ಯಾವುದೂ ಅವನ ನೆನಪಿನಲ್ಲಿರಲಿಲ್ಲ. ಬೆರಳುಗಳಲ್ಲಿ ಮಾತ್ರ ಕಬ್ಬಿಣದ ವಾಸನೆ ಇತ್ತು. ಗಾಡಿಯನ್ನು ಹಿಂದಕ್ಕೆ ಬಿಟ್ಟುಕೊಂಡು ಬಂದು ಮತ್ತೆ ಇಳಿದ. ಈ ಸಲ ಕೀಲಿ ರಂಧ್ರಕ್ಕೆ ಹೋಗಲು ಒಪ್ಪಲಿಲ್ಲ; ಎರಡೂ ಕೈಯಲ್ಲಿ ಹಿಡಿದು ಹಾಕಬೇಕಾಯಿತು. ಕೊಳವೆಯನ್ನು ಪಕ್ಕಕ್ಕೆ ತಳ್ಳಿ, ಬಿಚ್ಚಿದ ಮಾಲೆಯನ್ನು ಎಲ್ಲ ಬೀಗಗಳ ಸಮೇತ ಇಳಿಜಾರಿನೊಳಗೆ ಎಸೆದ. ಅದು ಕಲ್ಲಿನಿಂದ ಕಲ್ಲಿಗೆ ತಾಗುತ್ತಾ ಬಹಳ ಹೊತ್ತು ಉರುಳಿತು. ಆಮೇಲೆ ಹಾರ್ನಿನ ಮೇಲೆ ಅಂಗೈ ಒತ್ತಿ ಹಿಡಿದು ಕೆಳಕ್ಕೆ ಗಾಡಿ ಬಿಟ್ಟ.

ಓಪಲ್ ಮನೆಯ ಬಾಗಿಲು ಹಾಕಿತ್ತು. ನಾಯಿಯ ನೀರಿನ ಬಟ್ಟಲು ಮೆಟ್ಟಿಲ ಮೇಲೆ ಬೋರಲಾಗಿತ್ತು, ಗಾಡಿ ನಿಲ್ಲುವ ಜಾಗ ಖಾಲಿ. ಪಕ್ಕದ ಮನೆಯೂ ಖಾಲಿ. ಅದರ ಪಕ್ಕದ ಲಾಯದ ಬಾಗಿಲು ತೆರೆದು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಒಳಗೆ ಕುದುರೆಗಳಿರಲಿಲ್ಲ. ಯಾವ ಮನೆಯ ಮುಂದೆಯೂ ಒಂದು ಗಾಡಿ ಇರಲಿಲ್ಲ. ಫೋನಿನ ತಂತಿ ಸುಡುವುದಕ್ಕೆ ಮೊದಲೇ ಓಪಲ್ ಎಲ್ಲ ಮನೆಗೂ ತಿಳಿಸಿ ಮುಗಿಸಿದ್ದರು; ಅವರು ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವರಲ್ಲ. ದಾರಿ ಕವಲಾಗುವ ಕಡೆ ಗಾಡಿ ನಿಲ್ಲಿಸಿ ಹಾರ್ನಿನಿಂದ ಕೈ ತೆಗೆದ. ಕೆಳಗೆ ಕಂದಕದಲ್ಲಿ ಹಾರ್ನುಗಳು ಕೂಗುತ್ತಿದ್ದವೋ, ಗಾಳಿಯೇ ಹಾಗೆ ಕೂಗುತ್ತಿತ್ತೋ ತಿಳಿಯಲಿಲ್ಲ. ಗಾಡಿಯ ದೀಪದ ಬೆಳಕಿನಲ್ಲಿ ಧೂಳು ಇನ್ನೂ ಇಳಿಯದೆ ನಿಂತಿತ್ತು. ಅದರ ಕೆಳಗೆ ಹೊಸ ಚಕ್ರದ ಗುರುತುಗಳು, ಒಂದರ ಮೇಲೊಂದು, ಟ್ರೇಲರಿನವು, ಸಣ್ಣ ಕಾರಿನವು. ಇಳಿದು ಬಗ್ಗಿ ನೋಡಿದ. ಮೇಲಿನ ದಾರಿಗೆ ಒಂದೂ ತಿರುಗಿರಲಿಲ್ಲ. ಎಲ್ಲರೂ ಅವನ ಮಾತು ಕೇಳಿದ್ದರು.